ಮುಂದಿನ ಸಾಲಿನ ಎರಡು ಕುತ್ತಿಗೆ

ವಯಸ್ಸಾಗುತ್ತ ಹೋದಂತೆ ನಾಚಿಕೆ ಕಡಿಮೆಯಾಗುತ್ತದೆ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೆ. ನಂಬಿಯೂ ಇದ್ದೆ. ಬನಿಯನ್ನಿನ ಮೇಲೆಯೇ ಹಾಲಿನ ಅಂಗಡಿಗೆ ಹೋಗಿಬರುವ, ಮದುವೆ ಊಟದಲ್ಲಿ ಪಂಕ್ತಿಯ ನಡುವೆ ಎದ್ದು ನಿಂತು ಜಿಲೇಬಿಯವನನ್ನು ಕೂಗಿ ಕರೆಯುವ ನನ್ನ ಸೋದರಮಾವನನ್ನು ನೋಡಿ, ನನಗೂ ಅಂಥ ಸ್ವಾತಂತ್ರ್ಯ ಯಾವಾಗ ಬಂದೀತೋ ಎಂದು ಕಾಯುತ್ತಿದ್ದೆ. ಐವತ್ತು ದಾಟಿದ ಮೇಲೆ ಆದದ್ದೇ ಬೇರೆ. ಬನಿಯನ್ನಿನ ನಾಚಿಕೆ ಹೋಯಿತು, ನಿಜ. ಅದರ ಜಾಗಕ್ಕೆ ನಾನು ಎಂದೂ ಎಣಿಸದಿದ್ದ ಕಡೆಯಿಂದ ಹೊಸ ನಾಚಿಕೆಗಳು ಬಂದು ಕುಳಿತವು. ಸದ್ಯಕ್ಕೆ ನನಗೆ ನನ್ನ ಕುತ್ತಿಗೆಯ ಬಗ್ಗೆ ನಾಚಿಕೆ. ಕುತ್ತಿಗೆಗೆ ರೋಗವೇನೂ ಇಲ್ಲ, ನೋಡುವುದಕ್ಕೂ ಎಲ್ಲರ ಕುತ್ತಿಗೆಯ ಹಾಗೆಯೇ ಇದೆ. ತೊಂದರೆ ಇರುವುದು ಅದು ಆಡುವ ರೀತಿಯಲ್ಲಿ. ಬೆಳಗಾವಿಯಲ್ಲಿ ಹಿಂದೂಸ್ತಾನಿ ಸಂಗೀತ ಕೇಳುವವರ ನಡುವೆ ನನಗೆ ಒಳ್ಳೆಯ ರಸಿಕನೆಂದು ಹೆಸರಿದೆ. ಆ ಹೆಸರು ಗಳಿಸಿಕೊಟ್ಟದ್ದು ನನ್ನ ಕಿವಿಯಲ್ಲ, ಈ ಕುತ್ತಿಗೆ.

ನಾನು ಇಲ್ಲಿನ ಕಾರ್ಖಾನೆಗಳ ಬಡಾವಣೆ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮಾರಾಟದ ಕೆಲಸ ನೋಡಿಕೊಳ್ಳುವವನು. ಪಂಪಿನ ಕೇಸಿಂಗು, ವಾಲ್ವಿನ ಬಾಡಿ ಇಂಥ ಎರಕದ ಮಾಲನ್ನು ಊರೂರಿಗೆ ಮಾರುವುದು ನನ್ನ ಉದ್ಯೋಗ. ಇಂಥವನು ಸಂಗೀತದ ಬೈಠಕ್ಕಿಗೆ ಹೋದದ್ದೇ ಆಕಸ್ಮಿಕ. ಪುಣೆಯಿಂದ ಬಂದ ಗಿರಾಕಿಯೊಬ್ಬರು ಸಂಜೆ ಎಲ್ಲಾದರೂ ಗಾಯನವಿದ್ದರೆ ಕೇಳೋಣ ಎಂದರು. ಗಿರಾಕಿ ಬಾಯಿಬಿಟ್ಟ ಮೇಲೆ ಇಲ್ಲವೆನ್ನುವ ಹಾಗಿಲ್ಲ, ಕರೆದುಕೊಂಡು ಹೋದೆ. ಪರ ಊರಿನ ಅತಿಥಿ ಎಂದು ಅವರನ್ನೂ, ಅವರ ಬಾಲದಂತೆ ನನ್ನನ್ನೂ ಮುಂದಿನ ಸಾಲಿನ ಜಮಖಾನೆಯ ಮೇಲೆ ಕೂರಿಸಿದರು. ಅಂದು ಇಡೀ ದಿನ ಊರಾಚೆ ಮಚ್ಛೆ ಎಂಬ ಹಳ್ಳಿಯ ಒಂದು ವರ್ಕ್‌ಶಾಪಿಗೂ ನಮ್ಮ ಫೌಂಡ್ರಿಗೂ ಬೈಕಿನ ಮೇಲೆ ಓಡಾಡಿ ನನ್ನ ಕುತ್ತಿಗೆ ಹಿಡಿದುಬಿಟ್ಟಿತ್ತು. ಗಾಯಕರು ಬಹಳ ಹೊತ್ತಿನಿಂದ ಒಂದೇ ಸ್ವರದ ಸುತ್ತ ಸುತ್ತುತ್ತಿದ್ದರು. ನಾನು ಮೆಲ್ಲಗೆ ಕುತ್ತಿಗೆಯನ್ನು ಎಡಕ್ಕೆ ತಿರುಗಿಸಿ, ಅಲ್ಲಿಂದ ಬಲಕ್ಕೆ ತಂದು, ಕೆಳಗಿಳಿಸಿದೆ. ಒಳಗೆಲ್ಲೋ ಲಟಕ್ಕೆಂದು ಬಿಟ್ಟಿತು. ಆ ಸುಖಕ್ಕೆ ಬಾಯಿಂದ ‘ಆಹಾ’ ಎಂದು ಬಂದುಬಿಟ್ಟಿತು. ನೋಡುತ್ತೇನೆ, ಗಾಯಕರು ಹಾಡುತ್ತಲೇ ನನ್ನ ಕಡೆ ತಿರುಗಿ ಕೈ ಎತ್ತಿ ಸಲಾಮು ಮಾಡುತ್ತಿದ್ದಾರೆ. ಅಕ್ಕಪಕ್ಕದವರೆಲ್ಲ ಯಾರಪ್ಪ ಇವನು ಎಂದು ನೋಡಿದರು. ನಮ್ಮ ಗಿರಾಕಿಯಂತೂ ಎರಡು ಪಟ್ಟು ಮಾಲಿನ ಆರ್ಡರು ಕೊಟ್ಟು ಹೋದರು. ಅಂದಿನಿಂದ ಪ್ರತಿ ತಿಂಗಳ ಬೈಠಕ್ಕಿನಲ್ಲೂ ಮುಂದಿನ ಸಾಲಿನಲ್ಲಿ ನನಗೊಂದು ಜಾಗ ಖಾಯಂ ಆಯಿತು.

ಜಾಗ ಸಿಕ್ಕಷ್ಟು ಸುಲಭವಾಗಿ ವಿದ್ಯೆ ಸಿಗಲಿಲ್ಲ. ಈ ಸಂಗೀತದಲ್ಲಿ ‘ಸಮ್’ ಎಂಬುದೊಂದು ಇದೆ. ತಬಲಾದ ತಾಳ ಒಂದು ಸುತ್ತು ಹಾಕಿ ಮತ್ತೆ ಮೊದಲ ಪೆಟ್ಟಿಗೆ ಬಂದು ಸೇರುವ ಜಾಗ ಅದು. ಹಾಡುವವರು ಎಲ್ಲೆಲ್ಲಿಗೋ ಹೋಗಿ, ಇನ್ನೇನು ದಾರಿ ತಪ್ಪಿದರು ಎನ್ನುವಾಗ ಸರಿಯಾಗಿ ಆ ಪೆಟ್ಟಿಗೆ ಬಂದು ಕೂಡಿಕೊಳ್ಳುತ್ತಾರೆ. ಆಗ ತಿಳಿದವರ ತಲೆಗಳೆಲ್ಲ ಒಟ್ಟಿಗೆ ಕೆಳಗಿಳಿಯುತ್ತವೆ. ಅಲ್ಲಿ ಇಳಿಯದ ತಲೆ ತಿಳಿಯದವನದು. ಒಂದು ಕ್ಷಣ ಮೊದಲೇ ಇಳಿಯುವ ತಲೆಯ ಮರ್ಯಾದೆಯಂತೂ ಹೇಳಿ ಸುಖವಿಲ್ಲ. ನನಗೆ ಈ ಸಮ್ ಎಲ್ಲಿ ಬರುತ್ತದೆಂದು ಇವತ್ತಿಗೂ ತಿಳಿಯುವುದಿಲ್ಲ. ಬೆರಳು ಎಣಿಸಿ ನೋಡಿದೆ, ನಡುವೆ ಫೌಂಡ್ರಿಯ ಯಾವುದೋ ಲೆಕ್ಕ ನೆನಪಾಗಿ ಬೆರಳು ತಪ್ಪುತ್ತಿತ್ತು. ಕೊನೆಗೆ ಸುಲಭದ ದಾರಿ ಹಿಡಿದೆ. ನನ್ನ ಬಲಕ್ಕೆ ಬಶೀರಸಾಹೇಬರು ಕೂರುತ್ತಿದ್ದರು. ನಿವೃತ್ತ ವಕೀಲರು, ಬೆಳ್ಳಿ ಕೂದಲು, ಗಂಭೀರ ಮುಖ. ಅವರ ತಂದೆ ಈ ಸೀಮೆಯಲ್ಲೇ ದೊಡ್ಡ ರಸಿಕರೆಂದು ಹೆಸರಾದವರು. ಇವರ ತಲೆ ಇಳಿಯುವುದನ್ನು ಓರೆಗಣ್ಣಿನಲ್ಲಿ ಹಿಡಿದು ನನ್ನ ತಲೆಯನ್ನೂ ಇಳಿಸಿಬಿಟ್ಟರೆ ಕೆಲಸ ಮುಗಿಯಿತು. ಹೀಗೆ ಎಷ್ಟೋ ವರ್ಷ ನಡೆಯಿತು. ಒಮ್ಮೊಮ್ಮೆ ಸ್ವಂತ ಬುದ್ಧಿಯಿಂದ ‘ಕ್ಯಾ ಬಾತ್’ ಎಂದೂ ಸೇರಿಸುತ್ತಿದ್ದೆ. ಗುರುಗಳ ಹೆಸರು ಬಂದಾಗ ಕಿವಿಯ ತುದಿ ಮುಟ್ಟಿಕೊಳ್ಳುವುದು ಈ ಸಂಗೀತಗಾರರ ಪದ್ಧತಿ, ಅದನ್ನೂ ಕಲಿತೆ. ಮನೆಯಲ್ಲಿ ಮಾತ್ರ ಈ ಕೀರ್ತಿ ನಡೆಯಲಿಲ್ಲ. “ನೀವು ಧಾರಾವಾಹಿ ನಡುವ ಸಾಬೂನಿನ ಜಾಹೀರಾತ ಬಂದರೂ ಹಂಗ ಗೋಣ ಹಾಕತೀರಿ” ಎಂದು ನನ್ನ ಹೆಂಡತಿ ಒಮ್ಮೆ ಹೇಳಿದಳು. ಅವಳಿಗೆ ಸಂಗೀತದ ಗಂಧ ಕಡಿಮೆ ಎಂದುಕೊಂಡೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಒಮ್ಮೆ ನಾನು ಹೀಗೆ ಮುಂದೆ ಕುಳಿತು ತಲೆದೂಗುತ್ತಿದ್ದಾಗ ಹೊರಗೆ ಬಾಗಿಲ ಬಳಿ ಬಿಟ್ಟಿದ್ದ ನನ್ನ ಹೊಸ ಕೊಲ್ಹಾಪುರಿ ಚಪ್ಪಲಿ ಕಳುವಾದವು. ಬೈಠಕ್ಕುಗಳಲ್ಲಿ ಚಪ್ಪಲಿ ಕದಿಯುವವರು ಬಹಳ ನುರಿತವರು. ಎಲ್ಲರೂ ಕಣ್ಣು ಮುಚ್ಚಿಕೊಳ್ಳುವ ಹೊತ್ತು ನೋಡಿ ಕೈ ಹಾಕುತ್ತಾರೆ. ಬಹುಶಃ ಅವರಿಗೆ ಸಮ್ ಕೂಡ ಗೊತ್ತಿರುತ್ತದೆ. ಅಂದು ಉದ್ಯಮಬಾಗದ ಒಬ್ಬ ಪರಿಚಿತನ ಸ್ಕೂಟರಿನ ಹಿಂದೆ ಬರಿಗಾಲಿನಲ್ಲಿ ಕುಳಿತು ಮನೆಗೆ ಬಂದೆ. ಆಮೇಲೆ ನಾನು ಒಂದು ವ್ಯವಸ್ಥೆ ಮಾಡಿಕೊಂಡೆ. ಬಾಗಿಲಿನ ಪಕ್ಕದಲ್ಲಿ, ಚಪ್ಪಲಿಗಳ ರಾಶಿಗೆ ಒತ್ತಿಕೊಂಡು, ನೂಲಿನ ಸೀರೆಯ ಒಬ್ಬ ಹಿರಿಯ ಹೆಂಗಸು ಪ್ರತಿ ಸಲವೂ ಕುಳಿತಿರುತ್ತಿದ್ದರು. ಕಾರ್ಯಕ್ರಮದವರೇ ಚಪ್ಪಲಿ ಕಾಯಲು ಅವರನ್ನು ಇಟ್ಟಿದ್ದಾರೆಂದು ನಾನು ತಿಳಿದೆ. ಕೆಲಸ ಮುಗಿಸಿ ತಡವಾಗಿ ಬರುವವನು ನಾನು. ಬಂದವನೇ ಚಪ್ಪಲಿಯನ್ನು ಅವರ ಕಡೆ ಕಾಲಿನಿಂದ ಸರಿಸಿ, “ಸ್ವಲ್ಪ ನೋಡ್ಕೋರಿ” ಎಂದು ಮುಂದಿನ ಸಾಲಿಗೆ ನಡೆಯುತ್ತಿದ್ದೆ. ಅವರು ಹೂಂ ಎನ್ನುತ್ತಿದ್ದರು. ಆಮೇಲೆ ನನ್ನ ಒಂದು ಚಪ್ಪಲಿಯೂ ಕಳುವಾಗಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಸಂಗೀತ ಮಂಡಳಿಯಲ್ಲಿ ವಾಮನರಾಯರು ಎಂಬವರಿದ್ದಾರೆ. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ನನಗಿಂತ ಹಿರಿಯರು. ಕನ್ನಡದಲ್ಲಿ ಒಂದು ಸಂಗೀತ ಮಾಸಪತ್ರಿಕೆ ತರಬೇಕೆಂಬುದು ಅವರ ಬಹುಕಾಲದ ಆಸೆ. “ಇದೊಂದು ಆಗಲಿಲ್ಲ ಅಂದ್ರ ನಾ ಮುಂಜಾನಿ ವಾಕಿಂಗಿನವರ ಜೋಡಿ ಮೊಣಕಾಲಿನ ಸುದ್ದಿ ಮಾತಾಡಿಕೋತನ ಸಾಯಬೇಕಾಗತದ ನೋಡು” ಎಂದು ಅವರು ನಗುತ್ತ ಹೇಳುತ್ತಿದ್ದರೂ, ಆ ನಗು ಪೂರಾ ನಗುವಾಗಿರಲಿಲ್ಲ. ಬರೆಯುವವರು ಸಿದ್ಧರಿದ್ದರು. ಒಬ್ಬ ಮುದ್ರಣಾಲಯದ ಮಾಲೀಕರೂ ಸಿಕ್ಕರು. ಆದರೆ ಅವರು ವ್ಯಾಪಾರಸ್ಥರು. “ಬರಿಯಾವರನ್ನ ತೋರಸಬ್ಯಾಡ್ರಿ ಸರ್, ಅವರು ಎಲ್ಲಾ ಕಡೆ ಸಿಗತಾರು. ಓದಾವ ಯಾರು ಅಂತ ತೋರಸ್ರಿ. ತೋರಿಸಿದರ ಮೊದಲನೇ ಸಂಚಿಕಿ ನಾ ಛಾಪಿಸಿ ಕೊಡತೇನಿ. ಇಲ್ಲಂದ್ರ ಬಿಟ್ಟಬಿಡೂಣು” ಎಂದರು. ಮುಂದಿನ ಸಭೆಯೊಳಗೆ ಓದುಗ ಸಿಗಬೇಕು. ವಾಮನರಾಯರು ನೇರ ನನ್ನ ಹತ್ತಿರ ಬಂದರು.

“ಸಂಬರಗಿ, ನೀ ಪಂಪಿನ ಮಾಲ ಮಾರತೀಯಲ್ಲ, ಕೊಳ್ಳಾವರು ಯಾರು ಅಂತ ನಿನಗ ಮೊದಲ ಗೊತ್ತಿರತದೋ ಇಲ್ಲೋ?”

“ಇರತದ್ರಿ ಸರ್. ಅದ ನಮ್ಮ ಕೆಲಸ.”

“ಮತ್ತ ಸಂಗೀತನೂ ನಿನ್ನಷ್ಟು ತಿಳದಾವರು ನಮ್ಮೊಳಗ ಇಲ್ಲ. ಈ ಓದುಗನ್ನ ನೀನ ಹುಡುಕಿ ಕೊಡು.”

ಎರಡನೆಯ ಮಾತು ಕೇಳಿದಾಗಲೇ ನಾನು ಇಲ್ಲವೆನ್ನಬೇಕಾಗಿತ್ತು. ಹೊಗಳಿಕೆ ಕಿವಿಗೆ ಬಿದ್ದರೆ ನನ್ನ ತಲೆ ತಾನಾಗಿಯೇ ಆಡುತ್ತದೆ. ಆಡಿತು. ವಾಮನರಾಯರು ಅದನ್ನು ಒಪ್ಪಿಗೆ ಎಂದುಕೊಂಡು ಹೋದರು.

ಹುಡುಕಾಟ ಶುರುಮಾಡಿದೆ. ಮೊದಲು ಫೌಂಡ್ರಿಯಲ್ಲಿ ಕೇಳಿದೆ. ಲೆಕ್ಕಪತ್ರದವರು ಸಂಗೀತ ಪತ್ರಿಕೆ ಎಂದರೆ ಸಿನಿಮಾ ಹಾಡು ಇರುತ್ತವೆಯೇ ಎಂದರು. ಇಲ್ಲವೆಂದಾಗ ನನ್ನನ್ನು ಅನುಕಂಪದಿಂದ ನೋಡಿದರು. ಮಚ್ಛೆಯ ವರ್ಕ್‌ಶಾಪಿನ ಮಾಲೀಕರು ರಾಶಿ ಭವಿಷ್ಯವಿದ್ದರೆ ತಮ್ಮ ಮನೆಯವರು ಓದುತ್ತಾರೆ ಎಂದರು. ಬೈಠಕ್ಕಿಗೆ ಬರುವವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದೆ. ಎಲ್ಲರದೂ ಒಂದೇ ಉತ್ತರ: “ನಾ ಅಂತೂ ಓದೇ ಓದತೇನ್ರಿ. ಆದರ ನನ್ನಂಥಾವರು ಎಷ್ಟ ಮಂದಿ ಸಿಗತಾರು ಹೇಳ್ರಿ?” ಹಾಗಾದರೆ ಅದರಲ್ಲಿ ಏನಿರಬೇಕು ಎಂದು ಕೇಳಿದರೆ ಎಲ್ಲರಿಗೂ ಆ ಕ್ಷಣದಲ್ಲೇ ತುರ್ತು ಕೆಲಸ ನೆನಪಾಗುತ್ತಿತ್ತು. ಪಂಪಿನ ಗಿರಾಕಿ ಹೀಗಲ್ಲ. ನೀರು ಮೇಲೆ ಬರಬೇಕು ಎಂದು ಸ್ಪಷ್ಟವಾಗಿ ಹೇಳುತ್ತಾನೆ.

ಇದು ಹೀಗೆ ಆಗದು, ನಿಜವಾದ ಕೇಳುಗನನ್ನೇ ಹಿಡಿಯಬೇಕು ಎನ್ನಿಸಿತು. ನಿಜವಾದ ಕೇಳುಗ ಎಂದರೆ ಬಶೀರಸಾಹೇಬರು. ಅವರಿಗೆ ಏನು ಬೇಕೋ ಅದನ್ನು ಅಚ್ಚುಹಾಕಿದರೆ ಮಿಕ್ಕವರು ಹಿಂದೆ ಬರುತ್ತಾರೆ. ಹಳೇ ಊರಿನ ಗಲ್ಲಿಯಲ್ಲಿರುವ ಅವರ ಮನೆಗೆ ಹೋದೆ. ಒಳಗೆ ಮೊಮ್ಮಕ್ಕಳು ಉರ್ದುವಿನಲ್ಲಿ ಜಗಳಾಡುತ್ತಿದ್ದರು. ಸಾಹೇಬರು ಬಾಗಿಲಿಗೇ ಬಂದರು.

“ಬರ್ರಿ, ಬರ್ರಿ ಸಂಬರಗಿಯವರ. ಕುಂದರ್ರಿ. ಇವತ್ತ ನಮ್ಮ ಮನಿ ಹೆಂಗ ನೆನಪಾತು?”

ಚಹಾ ಬಂತು, ಕುಂದಾ ಬಂತು. ನಾನು ಗಿರಾಕಿಯ ಮುಂದೆ ಕುಳಿತಂತೆ ನೆಟ್ಟಗೆ ಕುಳಿತು, ನಿಮ್ಮಂಥ ಜಾಣ ಕೇಳುಗರಿಗೆ ಎಂಥ ಪತ್ರಿಕೆ ಬೇಕು, ನೀವು ಹೇಳಿದ ಹಾಗೆ ಮಾಡುತ್ತೇವೆ ಎಂದೆ. ಸಾಹೇಬರು ಚಹಾದ ಬಸಿಯನ್ನು ಕೆಳಗಿಟ್ಟರು. ಎದ್ದು ಒಳಬಾಗಿಲು ಮುಚ್ಚಿ ಬಂದರು.

“ಈ ಮಾತು ಹೊರಗ ಹೋಗಬಾರದು.”

“ಹೋಗೂದಿಲ್ರಿ.”

“ಸಮ್ ಯಾವಾಗ ಬರತದ, ಅದನ್ನ ಹ್ಯಾಂಗ ಗುರ್ತ ಹಿಡೀಬೇಕು ಅಂತ ತಿಳಿಸಿಕೊಡೂ ಲೇಖನ ಒಂದ ಇದ್ದರ ಛಲೋ.”

“ಖರೇ ಅದ್ರಿ ಸಾಹೇಬರ. ಹೊಸಬರಿಗೆ ಭಾಳ ಉಪಯೋಗ ಆಗತದ.”

“ಹೊಸಬರಿಗಲ್ರಿ,” ಎಂದರು ಸಾಹೇಬರು. “ನನಗ.”

ನಾನು ಕುಂದಾದ ಚಮಚ ಬಾಯಲ್ಲೇ ಇಟ್ಟುಕೊಂಡು ಕುಳಿತೆ.

“ನಮ್ಮ ಅಬ್ಬಾ ಖರೇ ಕೇಳಾವರಾಗಿದ್ದರು. ಅವರು ಹೋದ ಮ್ಯಾಲ ಅವರ ಜಾಗಾದಾಗ ನನ್ನ ಕುಂದರಿಸಿದರು. ಒಲ್ಲೆ ಅನ್ನಾಕ ಆಗಲಿಲ್ಲ, ಕುಂತೆ. ಕೋರ್ಟಿನ್ಯಾಗ ಎದುರಿನ ವಕೀಲನ ಮಾರಿ ನೋಡಿ ಕೇಸು ಎತ್ತಾಗ ಹೊಂಟೈತಿ ತಿಳಕೋತಿದ್ದೆ. ಇಲ್ಲೂ ಹಂಗ, ಒಬ್ಬರ ಮಾರಿ ಹಿಡಕೊಂಡೆ. ಅವರು ಗೋಣ ಹಾಕಿದಾಗ ನಾನೂ ಹಾಕೂದು.”

“ಯಾರದ್ರಿ ಸಾಹೇಬರ, ಆ ಮಾರಿ?”

ಸಾಹೇಬರು ನನ್ನ ಕಡೆ ನೋಡದೆ ಹೇಳಿದರು. “ನಿಮ್ಮದ.”

ನಾನು ಸುಳ್ಳು ಹೇಳಬಹುದಿತ್ತು. ಹೌದೇನ್ರಿ, ಇನ್ನು ಮುಂದೆ ನಾನೇ ಕಲಿಸಿಕೊಡುತ್ತೇನೆ ಎಂದು ದೊಡ್ಡಸ್ತಿಕೆ ಮಾಡಬಹುದಿತ್ತು. ಆದರೆ ಆ ಬೆಳ್ಳಿ ಕೂದಲಿನ ಮನುಷ್ಯ ತಲೆ ತಗ್ಗಿಸಿ ಕುಳಿತದ್ದನ್ನು ನೋಡಿ ಆ ಸುಳ್ಳು ಬಾಯಿಗೆ ಬರಲಿಲ್ಲ. ನಾನು ತಲೆ ಇಳಿಸುವುದು ನಿಮ್ಮನ್ನು ನೋಡಿಯೇ ಎಂದು ನಾನೂ ಹೇಳಿಬಿಟ್ಟೆ. ಸಾಹೇಬರು ಮುಖ ಎತ್ತಿ ನೋಡಿದರು, ವಕೀಲರ ಬುದ್ಧಿ ಜಾಗೃತವಾಯಿತು.

“ತಡೀರಿ. ನಾ ನಿಮ್ಮನ್ನ ನೋಡಿ ಹಾಕತೇನಿ. ನೀವು ನನ್ನ ನೋಡಿ ಹಾಕತೀರಿ. ಹಂಗಾರ ಮೊದಲ ಹಾಕಾವರು ಯಾರು?”

ಇಬ್ಬರೂ ಕುಳಿತು ಆ ಕೇಸನ್ನು ವಿಚಾರಣೆ ಮಾಡಿದೆವು. ಅದು ಬಗೆಹರಿಯಲು ಬಹಳ ಹೊತ್ತು ಹಿಡಿಯಲಿಲ್ಲ. ಸಾಹೇಬರ ತಲೆ ಇಳಿಯಿತೇ ಎಂದು ನೋಡಲು ನಾನು ಕುತ್ತಿಗೆಯನ್ನು ಬಲಕ್ಕೆ ಒಂದಿಷ್ಟು ಹೊರಳಿಸುತ್ತಿದ್ದೆ. ಅದನ್ನು ಕಂಡು ಸಾಹೇಬರು, ಸಂಬರಗಿಯವರ ಗೋಣು ಆಡಿತು, ಸಮ್ ಬಂತು ಎಂದು ತಲೆ ಇಳಿಸುತ್ತಿದ್ದರು. ಅವರದು ಇಳಿಯಿತೆಂದು ನಾನು ನನ್ನದನ್ನು ಇಳಿಸುತ್ತಿದ್ದೆ. ನಮ್ಮಿಬ್ಬರದೂ ಇಳಿಯಿತೆಂದು ಹಿಂದಿನ ಸಾಲಿನವರೆಲ್ಲ ಇಳಿಸುತ್ತಿದ್ದರು. ದೂರದೂರುಗಳಿಂದ ಬಂದ ಕಲಾವಿದರು ಬೆಳಗಾವಿಯ ಜನ ಕೇಳುವುದರಲ್ಲಿ ಗಟ್ಟಿಗರು ಎಂದು ಹೊಗಳಿ ಹೋಗುತ್ತಿದ್ದರು. ಅವರು ಮರ್ಯಾದಸ್ಥರಾದ್ದರಿಂದ ನಮ್ಮ ತಲೆ ಇಳಿದ ಕಡೆಯೇ ಸಮ್ ಎಂದು ಹೊಂದಿಸಿಕೊಂಡು ಹಾಡಿರಲೂ ಸಾಕು. ನಾವಿಬ್ಬರೂ ನಗಲು ನೋಡಿದೆವು. ನಗು ಬಂತು, ಆದರೆ ಅದು ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಲಾಗಲಿಲ್ಲ. ಇಷ್ಟು ವರ್ಷ ನೋಡಿದ್ದು ಅದೊಂದನ್ನೇ.

ಬಾಗಿಲವರೆಗೆ ಬಂದ ಸಾಹೇಬರು ಹೇಳಿದರು. “ಖರೇ ಕೇಳಾವರು ಒಬ್ಬರು ಅದಾರ ಅನಸತದ ನೋಡ್ರಿ. ಖಾನಾಪುರದ ಪಾಟೀಲ ಬಾಯಿ, ಸಾಲಿ ಕಲಸತಿದ್ದರು, ಈಗ ರಿಟೈರ್ಡ್. ಒಮ್ಮೆ ಮಳಿಯೊಳಗ ಅವರನ್ನ ನಾನ ಬಸ್ ಸ್ಟ್ಯಾಂಡಿಗೆ ಬಿಟ್ಟ ಬಂದಿದ್ದೆ. ಯಾರ ಮಾರಿನೂ ನೋಡೂದಿಲ್ಲ ಅವರು. ಗೋಣ ತಗ್ಗಿಸಿ ಕುಂತಬಿಡತಾರು. ಅಷ್ಟ ಧ್ಯಾನ.”

“ಎಲ್ಲಿ ಕುಂದರತಾರ್ರಿ?”

“ಅದ ರೀ, ಬಾಗಲದ ಬಾಜೂಕ. ಚಪ್ಪಲ ಬಿಟ್ಟಿರತಾರಲ್ಲ, ಅಲ್ಲೇ.”

ಬಾಗಿಲ ಬಾಜೂಕ ಕೂರುವವರು ಒಬ್ಬರೇ. ನಾನು ಮನೆ ಮುಟ್ಟುವವರೆಗೂ ನನ್ನ ಕಾಲುಗಳನ್ನೇ ನೋಡಿಕೊಂಡು ಬಂದೆ.

ಖಾನಾಪುರಕ್ಕೆ ಹೋಗದೆ ಇರಬಹುದಿತ್ತು. ಆದರೆ ಸಭೆ ಹತ್ತಿರ ಬಂದಿತ್ತು, ದಿನವೂ ವಾಮನರಾಯರು ಫೋನು ಮಾಡಿ “ಸಿಕ್ಕನೇನೋ ಓದುಗ?” ಎಂದು ಕೇಳುತ್ತಿದ್ದರು. ಬಸ್ಸು ಹತ್ತಿದೆ. ಪೇಟೆಯಲ್ಲಿ ಕೇಳಿದರೆ ಯಾರಾದರೂ ತೋರಿಸುತ್ತಿದ್ದರು, ಅರ್ಧ ಊರಿಗೆ ಅಕ್ಷರ ಕಲಿಸಿದ ಬಾಯಿ ಅವರೇ. ನಮ್ಮ ಕಡೆ ಶಿಕ್ಷಕಿಯರನ್ನು ಬಾಯಿ ಎಂದೇ ಕರೆಯುವುದು. ಹೆಂಚಿನ ಮನೆ, ಮುಂದೆ ತುಳಸಿ, ಒಳಗಿನಿಂದ ಜೋರು ಟಿವಿ. ಖಾನಾಪುರದ ಪಾಟೀಲರ ಮನೆಮಾತು ಕನ್ನಡವೋ ಮರಾಠಿಯೋ ಹೆಸರಿನಿಂದ ಹೇಳಲು ಬರುವುದಿಲ್ಲ. ನಮ್ಮ ಕಡೆ ಇದಕ್ಕೊಂದು ರಿವಾಜಿದೆ. ಮರ್ಯಾದೆಯುಳ್ಳವನು ಎದುರಿನವರ ಭಾಷೆ ಯಾವುದಿರಬಹುದೆಂದು ಅಂದಾಜು ಮಾಡಿ ಅದರಲ್ಲೇ ಮಾತು ತೆಗೆಯುತ್ತಾನೆ. ಎದುರಿನವರೂ ಮರ್ಯಾದೆಯುಳ್ಳವರಾದರೆ ಅವರೂ ಹಾಗೆಯೇ ಮಾಡುತ್ತಾರೆ. ಹೀಗಾಗಿ ನಾನು ನನ್ನ ಹರಕು ಮರಾಠಿಯಲ್ಲಿ ನಮಸ್ಕಾರ ಹೇಳಿ ಕಾರಣ ವಿವರಿಸತೊಡಗಿದೆ, ಅವರು ನನಗೆ ಕನ್ನಡದಲ್ಲಿ ಉತ್ತರ ಕೊಡತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೈ ಎತ್ತಿ ತಡೆದರು.

“ನನ್ನ ಸಲುವಾಗಿ ಮರಾಠಿ ಮಾತಾಡಾಕತ್ತಿದ್ರ ಬಿಡ್ರಿ. ನಿಮಗ ಭಾಳ ತ್ರಾಸ ಆಗಾಕತ್ತೈತಿ. ನಮ್ಮ ಮನ್ಯಾಗ ಕನ್ನಡಾನ.”

ಆಮೇಲೆ ನನ್ನ ಮುಖವನ್ನು ನೋಡಿದರು. ಗುರುತು ಹತ್ತಲಿಲ್ಲ. ಕಣ್ಣು ಕೆಳಗಿಳಿದು ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳ ಮೇಲೆ ನಿಂತಿತು. ಮುಖ ಅರಳಿತು.

“ಅಯ್ಯ, ನೀವಾ? ಎಡಗಾಲಿನ ಚಪ್ಪಲದ ಉಂಗುಟ ಹೊಲಿಸಿಕೊಂಡ್ರ್ಯಾ? ಹೋದ ಸಲ ಕಿತ್ತಿತ್ತು. ಒಳಗ ಬರ್ರಿ, ಕುಂದರ್ರಿ.”

ಒಳಗೆ ಬಂದು ಕುಳಿತೆ. ಎಲ್ಲಿಂದ ಶುರುಮಾಡಬೇಕೆಂದು ತೋಚದೆ, ಇಷ್ಟು ದೂರದಿಂದ ತಪ್ಪದೆ ಬೈಠಕ್ಕಿಗೆ ಬರುತ್ತೀರಲ್ಲ, ದೊಡ್ಡ ಮಾತು ಎಂದೆ. “ಎಲ್ಲಾ ನಮ್ಮ ಗಣಪತರಾವ್‌ನ ಪುಣ್ಯಾರಿ. ಅಂವ ಇರೂದಕ್ಕ ನನಗ ಇಷ್ಟರ ಕೇಳಾಕ ಸಿಗತೈತಿ” ಎಂದರು. ನಾನು ಕೂಡಲೇ ಭಕ್ತಿಯಿಂದ ಎರಡು ಬೆರಳು ಕಿವಿಗೆ ಮುಟ್ಟಿಸಿಕೊಂಡೆ. ಪಾಟೀಲ ಬಾಯಿ ನನ್ನನ್ನು ದಿಟ್ಟಿಸಿದರು.

“ಕಿವಿ ನೋಯಾಕತ್ತಾವೇನ್ರಿ?”

“ಇಲ್ರಿ, ನಿಮ್ಮ ಗುರುಗಳ ಹೆಸರು ತಗೊಂಡ್ರಲ್ಲ ಅಂತ.”

“ಗುರು ಎಲ್ಲೀದು? ಅಂವ ನಮ್ಮ ಖಾನಾಪುರ ಬಸ್ಸಿನ ಕಂಡಕ್ಟರ. ನನ್ನ ಕೈಯಾಗ ಎರಡನೇತ್ತಾ ಕಲತಾವ. ನನ್ನ ಸಲುವಾಗಿ ಕಡೀ ಬಸ್ಸು ಒಂದೀಟು ತಡದು ಬಿಡತಾನ.”

ನಾನು ಬೆರಳುಗಳನ್ನು ಕಿವಿಯಿಂದ ತೆಗೆದು ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲಿಟ್ಟುಕೊಂಡೆ. ಪತ್ರಿಕೆಯ ವಿಷಯ ಹೇಳಿದೆ. ರಾಗಗಳ ಬಗ್ಗೆ, ಘರಾಣೆಗಳ ಬಗ್ಗೆ ಬರೆದರೆ ಓದುತ್ತೀರಾ ಎಂದು ಕೇಳಿದೆ. ಅವರು ಸ್ವಲ್ಪವೂ ಸಂಕೋಚವಿಲ್ಲದೆ ಹೇಳಿದರು.

“ರಾಗ ಗೀಗ ನನಗ ಗೊತ್ತಿಲ್ರಿ. ಹೆಸರು ಹೇಳಿದರೂ ನೆನಪಿರೂದಿಲ್ಲ. ನೋಡ್ರಿ, ಈ ಮನ್ಯಾಗ ಮುಂಜಾನಿಯಿಂದ ಸಂಜೀತನ ಗದ್ದಲ. ಸಾಲ್ಯಾಗೂ ಇಡೀ ಜನ್ಮ ಗದ್ದಲದಾಗ ಕಳದೇನಿ. ಅಲ್ಲಿ ಬಂದು ಕುಂತ್ರ ಎರಡ ತಾಸು ಯಾರೂ ನನ್ನ ಮಾತಾಡ್ಸೂದಿಲ್ಲ. ಒಬ್ಬರು ಹಾಡತಾರು, ನಾ ಕೇಳತೇನಿ. ಅಷ್ಟ ಸಾಕು ನನಗ. ಯಾರೂ ಮಾತಾಡ್ಸೂದಿಲ್ಲ,” ಎಂದು ನಿಲ್ಲಿಸಿ, ಇರುವುದನ್ನು ಇರುವ ಹಾಗೆ ಹೇಳುವ ಸಾಲೆಯ ಬಾಯಿಯಂತೆ ಸೇರಿಸಿದರು, “ನಿಮ್ಮನ್ನ ಬಿಟ್ಟರ.”

“ತಪ್ಪಾತ್ರಿ ಬಾಯಿ. ನನಗ ಗೊತ್ತಿರಲಿಲ್ಲ.”

“ಅಯ್ಯ, ಬೇಜಾರೇನಿಲ್ಲ. ಹುಡುಗರ ಡಬ್ಬಿ, ಛತ್ರಿ ನೋಡಿಕೋತನ ಬಂದಾಕಿ ನಾ. ಯಾರರ ನೋಡ್ಕೋರಿ ಅಂದ್ರ ಒಲ್ಲೆ ಅನ್ನಾಕ ಬರೂದಿಲ್ಲ. ಒಂದ ಏನಂದ್ರ, ಹಾಡು ನಿಧಾನ ಚಾಲೂ ಆದಾಗ ಕಣ್ಣ ಮುಚ್ಚಿಕೊಂಡು ಕೇಳಬೇಕು ಅನಸತಿತ್ತು. ಮುಚ್ಚೂ ಹಂಗಿರಲಿಲ್ಲ. ಗೋಣ ಬಗ್ಗಿಸಿ ನಿಮ್ಮ ಚಪ್ಪಲ ನೋಡಬೇಕಲ್ಲ.”

ಬಶೀರಸಾಹೇಬರು ಧ್ಯಾನವೆಂದುಕೊಂಡದ್ದು ಇದು. ಮುಂದೆ ಲೋಡಿಗೆ ಒರಗಿ, ಕೇಳದ ನಾನು ಅರ್ಧ ಕಣ್ಣು ಮುಚ್ಚಿಕೊಂಡು ತಲೆದೂಗುತ್ತಿದ್ದೆ. ಹಿಂದೆ ಕೇಳುವವರು ನನ್ನ ಚಪ್ಪಲಿಗಾಗಿ ಕಣ್ಣು ತೆರೆದುಕೊಂಡು ಕುಳಿತಿದ್ದರು. ಅದೂ ತಿಂಗಳು ತಿಂಗಳೂ, ಬಸ್ಸು ಹಿಡಿದು ಬಂದು. ನನಗೆ ಭೂಮಿ ಬಾಯ್ದೆರೆದು ನುಂಗಬಾರದೇ ಎನ್ನಿಸಿತು. ಖಾನಾಪುರದ ನೆಲ ಗಟ್ಟಿ, ಏನೂ ಆಗಲಿಲ್ಲ. ಅವರು ಅವಲಕ್ಕಿ ತಂದುಕೊಟ್ಟರು. ತಿಂದೆ. ಹೊರಡುವಾಗ ಕೊನೆಯ ಸಲ, ಪತ್ರಿಕೆ ಬಂದರೆ ಕಳಿಸಲೇ ಎಂದು ಕೇಳಿದೆ. ಬಾಯಿ ಯೋಚಿಸಿ ಕೇಳಿದರು.

“ಅದನ್ನ ಓದಿದರ ಮುಂದ ಬಂದು ಕುಂದರಬೇಕಾಗತೈತೇನ್ರಿ?”

“ಹಂಗೇನಿಲ್ರಿ.”

“ಹಂಗಾರ ಯಾಕ ಓದಬೇಕು? ಹಿಂದ ಕುಂತು ಕೇಳಾಕ ಏನೂ ಓದಬೇಕಾಗಿಲ್ಲ. ಬ್ಯಾಡ ಬಿಡ್ರಿ.”

ಸಭೆಯ ದಿನ ಬಂತು. ವಾಮನರಾಯರು ಇಸ್ತ್ರಿಯಾದ ಅಂಗಿ ಹಾಕಿಕೊಂಡು, ನಾನು ಏನು ಹೇಳಿದರೂ ಸಂತೋಷಪಡಲು ತಯಾರಾಗಿ ಕುಳಿತಿದ್ದರು. ಮುದ್ರಣಾಲಯದ ಮಾಲೀಕರು ಕೈಕಟ್ಟಿ ಕುಳಿತಿದ್ದರು. ಮಂಡಳಿಯವರೆಲ್ಲ ಇದ್ದರು, ಬಶೀರಸಾಹೇಬರು ಮೂಲೆಯಲ್ಲಿದ್ದರು. ನಾನು ಬಸ್ಸಿನಲ್ಲಿ ಬರುವಾಗಲೇ ಒಂದು ಚೆಂದದ ಸುಳ್ಳು ಕಟ್ಟಿಟ್ಟುಕೊಂಡಿದ್ದೆ. ವಿದ್ಯಾವಂತ, ಅಭಿರುಚಿಯುಳ್ಳ, ಮಧ್ಯವಯಸ್ಸಿನ ಓದುಗ, ಹೀಗೆ ಏನೇನೋ. ಫೌಂಡ್ರಿಯಲ್ಲಿ ಇಂಥವನ್ನು ಹೇಳಿ ಅಭ್ಯಾಸವಿದೆ. ವಾಮನರಾಯರ ಮುಖ ನೋಡಿದೆ. ಇಂಥ ಸುಳ್ಳಿನ ಮೇಲೆ ಪತ್ರಿಕೆ ಶುರುವಾದರೆ ಮೂರನೆಯ ಸಂಚಿಕೆಗೆ ಕಟ್ಟುಗಟ್ಟಲೆ ಅವರ ಮನೆಯ ಅಟ್ಟ ಸೇರುತ್ತದೆ, ಅವರು ಮತ್ತೆ ಮೊಣಕಾಲಿನ ಗುಂಪು ಸೇರುತ್ತಾರೆ.

“ಹೇಳಪಾ, ಯಾರು ನಮ್ಮ ಓದುಗ?” ಎಂದರು.

“ನಾನ ರೀ ಸರ್.”

“ಅದು ಗೊತ್ತದ. ನೀ ಅಂತೂ ಓದೇ ಓದತೀ. ಮತ್ತ ಯಾರು?”

“ಹಂಗಲ್ರಿ. ನನಗ ಸಂಗೀತ ತಿಳಿಯೂದಿಲ್ಲ. ಸಮ್ ಎಲ್ಲಿ ಬರತದ ಗೊತ್ತಾಗೂದಿಲ್ಲ. ಬಾಜೂದವರನ್ನ ನೋಡಿ ಗೋಣ ಹಾಕತೇನಿ. ತಿಳದಾವರಿಗೆ ನಮ್ಮ ಪತ್ರಿಕಿ ಬೇಕಾಗಿಲ್ರಿ. ನನ್ನಂಥಾವಗ ಬೇಕು.”

ಬಶೀರಸಾಹೇಬರ ಹೆಸರನ್ನು ಹೇಳಲಿಲ್ಲ, ಕೊಟ್ಟ ಮಾತಿತ್ತು. ಎಲ್ಲರೂ ತಲೆಯ ಮೇಲಿನ ಫ್ಯಾನು ನೋಡುತ್ತಿದ್ದರು. ಆಗ ಮೂಲೆಯಿಂದ ಸಾಹೇಬರು ಎದ್ದು ನಿಂತು, “ಇನ್ನೊಬ್ಬ ಓದುಗ ಇಲ್ಲಿ ಅದಾನ” ಎಂದು ಕೂತರು. ಮಂಡಳಿಯ ಖಜಾಂಚಿ ಗಂಟಲು ಸರಿಮಾಡಿಕೊಂಡು, ಆ ಸಮ್ಮಿನ ಲೇಖನ ಮೊದಲ ಸಂಚಿಕೆಯಲ್ಲೇ ಬರುತ್ತದೆಯೋ ಹೇಗೆ ಎಂದು ಕೇಳಿದರು. ತಮಗಾಗಿ ಅಲ್ಲ, ತಮ್ಮ ಅಳಿಯನಿಗಾಗಿ ಎಂದೂ ಹೇಳಿದರು. ಇನ್ನೂ ಇಬ್ಬರಿಗೆ ಅಳಿಯಂದಿರು ನೆನಪಾದರು. ಮುದ್ರಣಾಲಯದ ಮಾಲೀಕರು ಕಟ್ಟಿದ ಕೈ ಬಿಟ್ಟು ಮುಂದೆ ಬಾಗಿದರು. “ತಿಳೀಲಾರದವರಿಗಂತ ತರತೀರೇನ್ರಿ ಸರ್? ಹಂಗಾರ ನಡೀತದ. ಅವರು ಭಾಳ ಮಂದಿ ಅದಾರ” ಎಂದರು.

ಎಲ್ಲರೂ ಎದ್ದ ಮೇಲೆ ವಾಮನರಾಯರು ನನ್ನ ಹೆಗಲ ಮೇಲೆ ಕೈಯಿಟ್ಟು ಕೇಳಿದರು. “ಪತ್ರಿಕಿ ಆಗತದ, ಅದು ಛಲೋ ಆತು. ಆದರ ಸಂಬರಗಿ, ಹಂಗಾರ ಇಷ್ಟ ವರ್ಷ ಹಾಡಾಕ ಬಂದಾವರು ಪಾಪ ಯಾರಿಗೆ ಹಾಡಿದರೋ?” ನಾನು ಖಾನಾಪುರದ ಕತೆಯನ್ನು ಪೂರಾ ಹೇಳಿದೆ, ಚಪ್ಪಲಿಯನ್ನೂ ಬಿಡದೆ. ಅವರು ನನ್ನ ಹೆಗಲ ಮೇಲಿಂದ ಕೈ ತೆಗೆದರು. ಬೈದಿದ್ದರೆ ಹಗುರಾಗುತ್ತಿತ್ತು.

ಮುಂದಿನ ಬೈಠಕ್ಕಿಗೆ ನಾನು ಮೊದಲ ಸಲ ವೇಳೆಗಿಂತ ಮುಂಚೆ ಹೋದೆ. ಮುಂದಿನ ಸಾಲಿಗೆ ಕರೆದವರಿಗೆ ಕೈಮುಗಿದು, ಬಾಗಿಲಿನ ಬಾಜೂಕ ಪಾಟೀಲ ಬಾಯಿಯವರ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ.

“ಇವತ್ತ ಚಪ್ಪಲ ನಾ ನೋಡತೇನ್ರಿ ಬಾಯಿ. ನೀವು ಕಣ್ಣ ಮುಚ್ಚಿ ಕೇಳ್ರಿ.”

ಅವರು ನನ್ನನ್ನು ಸಂಶಯದಿಂದ ನೋಡಿದರು. ಹಾಡು ಶುರುವಾಯಿತು, ಅವರು ನಿಧಾನ ಕಣ್ಣು ಮುಚ್ಚಿದರು. ತಡವಾಗಿ ಬಂದ ಒಬ್ಬರು ತಮ್ಮ ಬೂಟುಗಳನ್ನು ಕಾಲಿನಿಂದ ನನ್ನ ಕಡೆ ಸರಿಸಿ, ಮುಖವನ್ನೂ ನೋಡದೆ “ಸ್ವಲ್ಪ ನೋಡ್ಕೋರಿ” ಎಂದು ಮುಂದೆ ಹೋದರು. ಹೂಂ ಎಂದೆ. ದೂರದಲ್ಲಿ ಬಶೀರಸಾಹೇಬರು ಒಬ್ಬರೇ ಕುಳಿತು ಎಡಕ್ಕೂ ಬಲಕ್ಕೂ ನೋಡುತ್ತಿದ್ದರು. ಹಿಂದಿನ ಸಾಲುಗಳೆಲ್ಲ ಅವರು ನೋಡಿದ ಕಡೆಗೆಲ್ಲ ತಲೆದೂಗುತ್ತಿದ್ದವು. ನನಗೆ ಅವರ ಮೇಲೆ ಅಯ್ಯೋ ಎನ್ನಿಸಿತು, ನನ್ನ ಮೇಲೆ ಸ್ವಲ್ಪ ಮೆಚ್ಚುಗೆಯೂ ಆಯಿತು. ಆ ಸೋಗು ಬಿಟ್ಟು ಬಂದೆನಲ್ಲ, ಇನ್ನು ಸುಮ್ಮನೆ ಕುಳಿತು ಕೇಳುವುದಷ್ಟೇ ಎಂದುಕೊಂಡೆ. ಪಕ್ಕದಲ್ಲಿ ಪಾಟೀಲ ಬಾಯಿಯವರ ತಲೆ ಬಹಳ ಮೆಲ್ಲಗೆ, ಕಂಡೂ ಕಾಣದ ಹಾಗೆ ಆಡುತ್ತಿತ್ತು. ಎಷ್ಟು ಸಹಜ ಎಂದು ನೋಡುತ್ತ ಕುಳಿತೆ. ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಅವರದು ಇಳಿದಾಗಲೆಲ್ಲ ನನ್ನದೂ ಇಳಿಯುತ್ತಿರುವುದು ಗೊತ್ತಾದದ್ದು, ಅವರು ಕಣ್ಣು ತೆರೆಯದೆಯೇ ಮಾತಾಡಿದಾಗ.

“ನನ್ನ ಮಾರಿ ಏನ್ ನೋಡತೀರಿ? ಚಪ್ಪಲ ನೋಡ್ರಿ.”

ತಟ್ಟನೆ ತಿರುಗಿ ನೋಡಿದೆ. ಎಲ್ಲರವೂ ಇದ್ದವು. ನನ್ನವು ಇರಲಿಲ್ಲ.